ಕ್ಷಯದ ಮದ್ದು ಮತ್ತು ಕೆಮ್ಮಿನ ಬಾಟಲಿ: ಡಾ. ಮಾಹ್ಲರ್ ಅವರ ಬೆಂಗಳೂರಿನ ದಿನಗಳು

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯವೆಂದು ಖಚಿತವಾದರೆ ಮನೆಯಲ್ಲಿದ್ದುಕೊಂಡೇ ಉಚಿತವಾಗಿ ಔಷಧ ಪಡೆಯಬೇಕು. ಆಳಂದ, ಅಫಜಲಪುರ, ಜೇವರ್ಗಿಯ ಸರ್ಕಾರಿ ದವಾಖಾನೆಗಳಿಂದ ಹಿಡಿದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳವರೆಗೆ ಇಂದು ಜಾರಿಯಲ್ಲಿರುವ ನಿಯಮವಿದು. ಕೇಳಲು ತೀರಾ ಸಾಮಾನ್ಯವೆನಿಸುವ ಈ ಮಾತನ್ನು ಸಿದ್ಧಪಡಿಸಿ ತೋರಿಸಲು ವೈದ್ಯವಿಜ್ಞಾನಕ್ಕೆ ಹಲವು ವರ್ಷಗಳೇ ಬೇಕಾದವು. ಆ ಕೆಲಸದ ಮಹತ್ವದ ಭಾಗ ನಡೆದದ್ದು ತುಮಕೂರು ಮತ್ತು ಬೆಂಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ಎಂಬುದು ಕನ್ನಡಿಗರಲ್ಲೇ ಹೆಚ್ಚು ಮಂದಿಗೆ ತಿಳಿದಿಲ್ಲ.

ಆ ಕಾಲದಲ್ಲಿ ಇಲ್ಲಿ ದುಡಿದ ವೈದ್ಯರ ಪೈಕಿ ಡೆನ್ಮಾರ್ಕಿನ ಡಾ. ಹಾಫ್‌ಡನ್ ಮಾಹ್ಲರ್ ಒಬ್ಬರು. ಮುಂದೆ 1973ರಿಂದ 1988ರವರೆಗೆ, ಸತತ 15 ವರ್ಷ, ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದ ಅವರ ವೃತ್ತಿಜೀವನದ ಆರಂಭದ ಒಂದು ದಶಕ ಕಳೆದದ್ದು ಭಾರತದಲ್ಲಿ. ಒಳ್ಳೆಯ ಔಷಧವೊಂದು ಕೈಯಲ್ಲಿದ್ದೂ ಅದು ರೋಗಿಯನ್ನು ಏಕೆ ತಲುಪುವುದಿಲ್ಲ ಎಂಬ ಪ್ರಶ್ನೆ ಆ ದಶಕದ ಕೇಂದ್ರವಾಗಿತ್ತು. ಔಷಧಕ್ಕೆ ಬಗ್ಗದ ಕ್ಷಯ ಇಂದು ದೇಶವನ್ನು ಕಾಡುತ್ತಿರುವಾಗ ಆ ಪ್ರಶ್ನೆಯನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯವಾಗಿದೆ.

ಗೆದ್ದು ಸೋತ ಮೊದಲ ಔಷಧ

ಮಾಹ್ಲರ್ ಹುಟ್ಟಿದ್ದು 1923ರಲ್ಲಿ, ಡೆನ್ಮಾರ್ಕಿನ ವಿವಿಲ್ಡ್ ಎಂಬಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಕೋಪನ್‌ಹೇಗನ್‌ನಲ್ಲಿ ವೈದ್ಯ ಪದವಿ ಪಡೆದದ್ದು 1948ರಲ್ಲಿ. ಅವರು ವೈದ್ಯರಾದ ಆ ವರ್ಷವೇ ಕ್ಷಯ ಚಿಕಿತ್ಸೆಯ ಇತಿಹಾಸದಲ್ಲೂ ಒಂದು ತಿರುವು.

ಅಮೆರಿಕದ ರಟ್ಜರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕವನ್ನು ಬೇರ್ಪಡಿಸಿದ್ದರು. ಪೆನಿಸಿಲಿನ್‌ಗೆ ಜಗ್ಗದ ಕ್ಷಯದ ರೋಗಾಣುವನ್ನು ಇದು ಕೊಲ್ಲಬಲ್ಲುದಾಗಿತ್ತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 107 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ, ಕೇವಲ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡಿದ್ದರೆ, ಸ್ಟ್ರೆಪ್ಟೊಮೈಸಿನ್ ಪಡೆದ 55 ಮಂದಿಯಲ್ಲಿ ಸತ್ತವರು 4 ಮಂದಿ ಮಾತ್ರ.

ಆದರೆ ಈ ಹರ್ಷ ಬಹುಕಾಲ ಉಳಿಯಲಿಲ್ಲ. ಐದು ವರ್ಷಗಳ ನಂತರ ಅದೇ ರೋಗಿಗಳನ್ನು ಲೆಕ್ಕ ಹಾಕಿದಾಗ ಔಷಧ ಪಡೆದವರಲ್ಲಿ 32 ಮಂದಿ, ಪಡೆಯದವರಲ್ಲಿ 35 ಮಂದಿ ಸತ್ತಿದ್ದರು. ಔಷಧ ಪಡೆದ ಅನೇಕರ ದೇಹದಲ್ಲಿ ಕೆಲವೇ ತಿಂಗಳಲ್ಲಿ ಸ್ಟ್ರೆಪ್ಟೊಮೈಸಿನ್‌ಗೆ ಮಣಿಯದ ರೋಗಾಣುಗಳು ಬೆಳೆದು ನಿಂತಿದ್ದವು.

ಇದರ ಹಿಂದಿನ ಲೆಕ್ಕಾಚಾರ ಸರಳವಾದುದು. ಕ್ಷಯ ಕೊರೆದ ಶ್ವಾಸಕೋಶದ ಒಂದು ಕುಳಿಯಲ್ಲಿ 10 ಕೋಟಿಯಷ್ಟು ರೋಗಾಣುಗಳು ಇರಬಲ್ಲವು. ಅವು ಒಡೆದು ಎರಡಾಗುವಾಗ ಆಗುವ ಆಕಸ್ಮಿಕ ಬದಲಾವಣೆಗಳಿಂದ ಸುಮಾರು 10 ಲಕ್ಷಕ್ಕೆ ಒಂದು ರೋಗಾಣು ಸ್ಟ್ರೆಪ್ಟೊಮೈಸಿನ್‌ಗೆ ಅಥವಾ ಐಸೊನಿಯಾಜಿಡ್‌ಗೆ ನಿರೋಧಕತೆ ಪಡೆದಿರುತ್ತದೆ. ಅಂದರೆ ಔಷಧ ಬಾಯಿಗೆ ಬೀಳುವ ಮುನ್ನವೇ ಅದನ್ನು ತಾಳಿಕೊಳ್ಳಬಲ್ಲ ನೂರಾರು ರೋಗಾಣುಗಳು ಅಲ್ಲಿರುತ್ತವೆ. ಒಂದೇ ಔಷಧ ಕೊಟ್ಟರೆ ಉಳಿದವೆಲ್ಲ ಸತ್ತು ಈ ನೂರಾರು ಮಾತ್ರ ಉಳಿಯುತ್ತವೆ. ಖಾಲಿಯಾದ ಜಾಗದಲ್ಲಿ ಅವುಗಳದೇ ಸಂತಾನ ತುಂಬಿಕೊಳ್ಳುತ್ತದೆ. ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಎರಡನ್ನೂ ತಾಳಬಲ್ಲ ರೋಗಾಣು ಸಿಗುವ ಸಂಭವ 10 ಲಕ್ಷದಲ್ಲಿ 10 ಲಕ್ಷಕ್ಕೆ ಒಂದು, ಅಂದರೆ ಒಂದು ಲಕ್ಷ ಕೋಟಿಗೆ ಒಂದು. ಅಷ್ಟು ರೋಗಾಣುಗಳು ಯಾವ ರೋಗಿಯ ದೇಹದಲ್ಲೂ ಇರುವುದಿಲ್ಲ.

ಪ್ಯಾರಾ ಅಮೈನೊ ಸ್ಯಾಲಿಸಿಲಿಕ್ ಆಮ್ಲವನ್ನು (ಪಿಎಎಸ್) ಸ್ಟ್ರೆಪ್ಟೊಮೈಸಿನ್ ಜತೆಗೆ ಕೊಟ್ಟರೆ ನಿರೋಧಕತೆ ತಗ್ಗುವುದೆಂದು 1950ರ ವೇಳೆಗೆ ಸಾಬೀತಾಯಿತು. 1952ರಲ್ಲಿ ಐಸೊನಿಯಾಜಿಡ್ ಬಂದಿತು. ಇದು ಸೂಕ್ಷ್ಮಜೀವಿಯಿಂದ ದೊರೆತುದಲ್ಲ, ರಾಸಾಯನಿಕವಾಗಿ ತಯಾರಾದುದು. ಮಾತ್ರೆಯ ರೂಪದಲ್ಲಿ, ಅಗ್ಗದ ಬೆಲೆಗೆ ದೊರೆಯುವಂಥದು. ಎರಡು ಔಷಧ, ದೀರ್ಘ ಕಾಲ, ಒಂದು ದಿನವೂ ತಪ್ಪದಂತೆ: ಕ್ಷಯವನ್ನು ಗೆಲ್ಲುವ ಸೂತ್ರ ಹೀಗೆ ಸಿದ್ಧವಾಯಿತು. ಇದನ್ನು ಹಳ್ಳಿಗೆ ಒಯ್ಯುವವರು ಯಾರು ಎಂಬುದು ಮುಂದಿನ ಪ್ರಶ್ನೆಯಾಯಿತು.

ಚುಚ್ಚುಮದ್ದಿನಿಂದ ಕಫದ ಡಬ್ಬಿಗೆ

ಈಕ್ವೆಡಾರ್‌ನಲ್ಲಿ ಕ್ಷಯ ವಿರೋಧಿ ಕಾರ್ಯಾಚರಣೆಯಲ್ಲಿ ದುಡಿದಿದ್ದ ಮಾಹ್ಲರ್ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿ ಭಾರತಕ್ಕೆ ಬಂದರು. ಆಗ ಇಲ್ಲಿ ಬಿಸಿಜಿ ಲಸಿಕೆಯ ಬೃಹತ್ ಆಂದೋಲನ ನಡೆದಿತ್ತು. ಸಿ. ರಾಜಗೋಪಾಲಾಚಾರಿ ಅವರಂಥ ಹಿರಿಯರೇ ಅದನ್ನು ವಿರೋಧಿಸಿದ್ದರು. ಲಸಿಕೆ ಏನೇ ಮಾಡಿದರೂ ಈಗಾಗಲೇ ಕೆಮ್ಮುತ್ತಿರುವ ರೋಗಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಅಂಥವರು ಎಷ್ಟು ಮಂದಿ ಇದ್ದಾರೆಂಬುದು ಬೆಳಕಿಗೆ ಬಂದದ್ದು 1955ರಿಂದ 1958ರ ನಡುವೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ. ಕ್ಷಯವು ಗಿರಣಿಗಳ, ಇಕ್ಕಟ್ಟಾದ ನಗರಗಳ ರೋಗವೆಂಬುದು ಅಲ್ಲಿಯವರೆಗಿನ ನಂಬಿಕೆ. ಹಳ್ಳಿಗಳಲ್ಲೂ ಅದು ನಗರಗಳಷ್ಟೇ ಹರಡಿದೆಯೆಂದು ಸಮೀಕ್ಷೆ ತಿಳಿಸಿತು. ಸುಮಾರು 250 ಜನರಿಗೆ ಒಬ್ಬರಂತೆ ರೋಗಾಣು ಕೆಮ್ಮುವ ರೋಗಿಗಳಿದ್ದರು. ಇಡೀ ದೇಶದ ಲೆಕ್ಕದಲ್ಲಿ ಅದು ಹತ್ತು ಲಕ್ಷ ಮೀರುವ ಸಂಖ್ಯೆ. ಕ್ಷಯರೋಗಿಗಳಿಗಾಗಿ ಇದ್ದ ಹಾಸಿಗೆಗಳಾದರೋ ಒಂದು ಲಕ್ಷದ ಹತ್ತಿರವೂ ಇರಲಿಲ್ಲ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಹೆಸರಿನ ಕ್ಷಯರೋಗ ಆಸ್ಪತ್ರೆಯಂಥ ಆರೋಗ್ಯಧಾಮಗಳು ಎಷ್ಟೇ ಒಳ್ಳೆಯ ಕೆಲಸ ಮಾಡಿದರೂ ಈ ಹೊಳೆಗೆ ಅಡ್ಡಲಾಗಿ ಕಟ್ಟಿದ ಸಣ್ಣ ಒಡ್ಡಿನಂತೆಯೇ ಇದ್ದವು.

ದಾರಿ ತೋರಿಸಿದ್ದು ಮದ್ರಾಸ್. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಔಷಧ ಚಿಕಿತ್ಸಾ ಕೇಂದ್ರವು ಬ್ರಿಟಿಷ್ ವೈದ್ಯ ವಾಲೇಸ್ ಫಾಕ್ಸ್ ಅವರ ಮುಂದಾಳತ್ವದಲ್ಲಿ 193 ಬಡ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿತು. ಒಂದು ಗುಂಪಿಗೆ ಆರೋಗ್ಯಧಾಮದಲ್ಲಿ, ಇನ್ನೊಂದಕ್ಕೆ ಅವರವರ ಇಕ್ಕಟ್ಟಾದ ಮನೆಗಳಲ್ಲೇ ಒಂದು ವರ್ಷ ಅದೇ ಔಷಧಗಳನ್ನು ಕೊಡಲಾಯಿತು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರೋಗ್ಯಧಾಮದಲ್ಲಿದ್ದ ಶೇ 92ರಷ್ಟು ಹಾಗೂ ಮನೆಯಲ್ಲಿದ್ದ ಶೇ 86ರಷ್ಟು ರೋಗಿಗಳಲ್ಲಿ ರೋಗ ಶಮನವಾಗಿತ್ತು. ಮನೆಮಂದಿಗೆ ರೋಗ ಅಂಟುವ ಅಪಾಯವೂ ಹೆಚ್ಚಿರಲಿಲ್ಲ. ಒಳ್ಳೆಯ ಗಾಳಿ, ಹಾಲು ತುಪ್ಪದ ಊಟ, ಸಂಪೂರ್ಣ ವಿಶ್ರಾಂತಿ ಇಲ್ಲದೆ ಕ್ಷಯ ವಾಸಿಯಾಗದೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ತುಮಕೂರಿನ ಹಳ್ಳಿಗಳು ಹೇಳಿದ ಸತ್ಯ

ಮದ್ರಾಸಿನಲ್ಲಿ ನೂರಾರು ರೋಗಿಗಳಿಗೆ ಸಾಧ್ಯವಾದುದನ್ನು ದೇಶದ ಎಲ್ಲ ಜಿಲ್ಲೆಗಳಿಗೆ ಹೊಂದಿಸುವ ಹೊಣೆ ಬೆಂಗಳೂರಿಗೆ ಬಂದಿತು. ಬಳ್ಳಾರಿ ರಸ್ತೆಯಲ್ಲಿ ಮೈಸೂರು ಅರಸರಿಗೆ ಸೇರಿದ್ದ 'ಅವಲಾನ್' ಕಟ್ಟಡದಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1960ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಹಿರಿಯ ಅಧಿಕಾರಿಯಾಗಿ ಈ ಸಂಸ್ಥೆಗೆ ರೂಪ ಕೊಟ್ಟವರಲ್ಲಿ ಮಾಹ್ಲರ್ ಒಬ್ಬರು. ವೈದ್ಯರ ಜತೆಗೆ ಸಂಖ್ಯಾಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳು, ಪ್ರಯೋಗಾಲಯ ತಜ್ಞರು ಒಂದೇ ಸೂರಿನಡಿ ಕೆಲಸ ಮಾಡಿದ್ದು ಆ ಕಾಲಕ್ಕೆ ಹೊಸ ಸಂಗತಿ. ಕ್ಷಯ ಹರಡುವ ಬಗೆಯನ್ನು ಗಣಿತದ ಮಾದರಿಯಲ್ಲಿ ಹಿಡಿದಿಡುವ ಜಗತ್ತಿನ ಮೊದಮೊದಲ ಪ್ರಯತ್ನಗಳಲ್ಲೊಂದು, 1962ರಲ್ಲಿ ಪ್ರಕಟವಾದ ವಾಲರ್, ಗೇಸರ್ ಮತ್ತು ಆಂಡರ್ಸನ್ ಅವರ ಪ್ರಬಂಧ, ಈ ತಂಡದ ಕೊಡುಗೆ.

ಆದರೆ ಎಲ್ಲಕ್ಕಿಂತ ಹೆಚ್ಚು ಕಣ್ಣು ತೆರೆಸಿದ್ದು ತುಮಕೂರು ಜಿಲ್ಲೆಯ ಅಧ್ಯಯನ. ಹಳ್ಳಿಯವರು ಅಜ್ಞಾನಿಗಳು, ಕೆಮ್ಮನ್ನು ಕಡೆಗಣಿಸುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ. ಆದ್ದರಿಂದ ಎಕ್ಸ್‌ರೇ ವಾಹನಗಳನ್ನು ಮನೆಬಾಗಿಲಿಗೆ ಕಳುಹಿಸಿ ರೋಗಿಗಳನ್ನು ಹುಡುಕಬೇಕು ಎಂಬುದು ಆಗಿನ ತಜ್ಞರ ಸಾಮಾನ್ಯ ಅಭಿಪ್ರಾಯ. ಮಾನವಶಾಸ್ತ್ರವನ್ನೂ ಅಭ್ಯಾಸ ಮಾಡಿದ್ದ ವೈದ್ಯ ದೇವವ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಈ ಅಭಿಪ್ರಾಯವನ್ನು ಪರೀಕ್ಷೆಗೆ ಒಡ್ಡಿದರು. ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳ ಮನೆಗಳಿಗೆ ಹೋಗಿ ಅವರನ್ನು ಮಾತನಾಡಿಸಲಾಯಿತು. 1963ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಕಫದಲ್ಲಿ ರೋಗಾಣು ಇದ್ದ ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅವರಲ್ಲಿ ಹೆಚ್ಚಿನವರು ಚಿಂತಿತರಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಈಗಾಗಲೇ ಚಿಕಿತ್ಸೆಗಾಗಿ ಓಡಾಡಿದ್ದರು.

ಹೀಗೆ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಿಗೆ ಸಿಕ್ಕಿದ್ದೇನು? ಸಾಮಾನ್ಯವಾಗಿ ಒಂದು ಬಾಟಲಿ ಕೆಮ್ಮಿನ ಔಷಧ. ಅವರ ಕಫವನ್ನು ಯಾರೂ ಪರೀಕ್ಷಿಸಿರಲಿಲ್ಲ. ರೋಗಿ ವೈದ್ಯರನ್ನು ಹುಡುಕಿಕೊಂಡು ಬಂದಿದ್ದ. ವೈದ್ಯಕೀಯ ವ್ಯವಸ್ಥೆ ಅವನನ್ನು ಗುರುತಿಸದೆ ಹಿಂದಕ್ಕೆ ಕಳುಹಿಸಿತ್ತು. ತಪ್ಪು ಯಾರದೆಂಬ ಪ್ರಶ್ನೆಗೆ ಉತ್ತರ ತಲೆಕೆಳಗಾದದ್ದು ಇಲ್ಲಿ.

ಇದರಿಂದ ಹೊಮ್ಮಿದ ಪರಿಹಾರ ಬಹು ಮಿತವ್ಯಯದ್ದು. ಪ್ರತ್ಯೇಕ ಕ್ಷಯ ಆಸ್ಪತ್ರೆಗಳ ಸರಮಾಲೆ ಬೇಡ. ಈಗಾಗಲೇ ಇರುವ ದವಾಖಾನೆಗೆ ಸೂಕ್ಷ್ಮದರ್ಶಕ ಕೊಡಿ, ಕೆಮ್ಮು ಎಂದು ಬಂದವರ ಕಫ ನೋಡಿ, ರೋಗ ಕಂಡರೆ ಅಲ್ಲಿಯೇ ಮಾತ್ರೆ ಕೊಡಿ. ಸುಮಾರು 15 ಲಕ್ಷ ಜನಸಂಖ್ಯೆ, 50ರಷ್ಟು ಆರೋಗ್ಯ ಕೇಂದ್ರಗಳಿರುವ ಜಿಲ್ಲೆಯನ್ನು ಮಾದರಿಯಾಗಿ ಇಟ್ಟುಕೊಂಡು ಜಿಲ್ಲಾ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು. ಅದನ್ನು ಮೊದಲು ನೆರೆಯ ಅನಂತಪುರ ಜಿಲ್ಲೆಯಲ್ಲಿ ಪ್ರಯೋಗಿಸಿ, 1962ರಿಂದ ರಾಷ್ಟ್ರೀಯ ಕಾರ್ಯಕ್ರಮವಾಗಿ ವಿಸ್ತರಿಸಲಾಯಿತು. ಜಿಲ್ಲಾ ತಂಡಗಳಿಗೆ ತರಬೇತಿ ಬೆಂಗಳೂರಿನಲ್ಲೇ ನಡೆಯಿತು. ಅದೇ ವರ್ಷ ಮಾಹ್ಲರ್ ವಿಶ್ವ ಆರೋಗ್ಯ ಸಂಸ್ಥೆಯ ಕ್ಷಯ ವಿಭಾಗದ ಮುಖ್ಯಸ್ಥರಾಗಿ ಜಿನೀವಾಕ್ಕೆ ತೆರಳಿದರು.

ಅರೆಬರೆ ಚಿಕಿತ್ಸೆಯ ಬೆಲೆ

ಮಾಹ್ಲರ್ ಹೊರಟ ಮೇಲೂ ಸಂಸ್ಥೆಯ ಸಂಶೋಧನೆ ಮುಂದುವರಿಯಿತು. ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಲ್ಲಿ 1961ರಿಂದ 1968ರವರೆಗೆ ನಾಲ್ಕು ಸುತ್ತು ಸಮೀಕ್ಷೆ ನಡೆಯಿತು. ಸಂಘಟಿತ ಚಿಕಿತ್ಸೆ ಇನ್ನೂ ತಲುಪಿರದ ಆ ಹಳ್ಳಿಗಳಲ್ಲಿ ಪತ್ತೆಯಾದ 126 ರೋಗಿಗಳ ಐದು ವರ್ಷಗಳ ಗತಿಯನ್ನು ದಾಖಲಿಸಲಾಯಿತು. ಅವರಲ್ಲಿ ಶೇ 49ರಷ್ಟು ಮಂದಿ ಸತ್ತಿದ್ದರು. ಶೇ 33ರಷ್ಟು ಮಂದಿಯ ಕಫದಲ್ಲಿ ರೋಗಾಣು ತಾನಾಗಿಯೇ ಇಲ್ಲವಾಗಿತ್ತು. ಉಳಿದ ಶೇ 18ರಷ್ಟು ಮಂದಿ ಇನ್ನೂ ರೋಗಾಣು ಕೆಮ್ಮುತ್ತಲೇ ಇದ್ದರು. ಇಂದಿನ ವೈದ್ಯಕೀಯ ನೀತಿಯಂತೆ ಇಂಥ ಅಧ್ಯಯನಕ್ಕೆ ಅವಕಾಶವೇ ದೊರೆಯದು. ಔಷಧವಿಲ್ಲದ ಕ್ಷಯ ಏನು ಮಾಡುತ್ತದೆಂದು ತಿಳಿಯಲು ಜಗತ್ತು ಇಂದಿಗೂ ನೋಡುವ ಅಂಕಿಗಳಲ್ಲಿ ಕರ್ನಾಟಕದ ಆ ಹಳ್ಳಿಗರ ಈ ಲೆಕ್ಕವೂ ಸೇರಿದೆ.

1978ರಲ್ಲಿ ಗ್ರಿಬೋವ್‌ಸ್ಕಿ ಮತ್ತು ಎನಾರ್ಸನ್ ಎಂಬ ಸಂಶೋಧಕರು ಈ ಅಂಕಿಗಳನ್ನು ಬೇರೆ ಬೇರೆ ದೇಶಗಳ ಚಿಕಿತ್ಸಾ ಕಾರ್ಯಕ್ರಮಗಳ ಜತೆ ಹೋಲಿಸಿದರು. ಸಮರ್ಪಕ ಚಿಕಿತ್ಸೆ ಇದ್ದೆಡೆ ಸಾವೂ ಇಳಿದಿತ್ತು, ಸೋಂಕು ಹರಡುವವರೂ ಇಲ್ಲವಾಗಿದ್ದರು. ಅರೆಬರೆ ಚಿಕಿತ್ಸೆ ಇದ್ದೆಡೆ ಮಾತ್ರ ವಿಚಿತ್ರ ಫಲ: ಸಾವು ಇಳಿದಿತ್ತು, ಆದರೆ ವಾಸಿಯಾಗದೆ ಬದುಕುಳಿದು ರೋಗ ಹರಡುವವರ ಪ್ರಮಾಣ ಏರಿತ್ತು. ಅರ್ಧಕ್ಕೆ ನಿಂತ ಔಷಧ ರೋಗಿಯನ್ನು ಸಾಯಗೊಡುವುದಿಲ್ಲ, ರೋಗಾಣುವನ್ನೂ ಸಾಯಗೊಡುವುದಿಲ್ಲ. ಔಷಧ ನಿರೋಧಕ ಕ್ಷಯ ಬೆಳೆಯುವ ಗದ್ದೆ ಇದೇ.

ರಾಷ್ಟ್ರೀಯ ಕಾರ್ಯಕ್ರಮ ಎಡವಿದ್ದೂ ಇಲ್ಲಿಯೇ. ಐಸೊನಿಯಾಜಿಡ್ ಮತ್ತು ಥಯಾಸೆಟಜೋನ್ ಮಾತ್ರೆಗಳನ್ನು ತಿಂಗಳಿಗೊಮ್ಮೆ ಕೊಂಡೊಯ್ದು ಒಂದರಿಂದ ಒಂದೂವರೆ ವರ್ಷ ನುಂಗಬೇಕಿತ್ತು. ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ಹಗುರವಾದವರು ಕೂಲಿ ಬಿಟ್ಟು ದವಾಖಾನೆಗೆ ಬರುವುದು ನಿಂತಿತು. ಔಷಧ ಸರಬರಾಜು ಕೈಕೊಟ್ಟಾಗ ಬಂದವರೂ ಬರಿಗೈಯಲ್ಲಿ ಮರಳಿದರು. 1992ರಲ್ಲಿ ಕಾರ್ಯಕ್ರಮದ ಪರಾಮರ್ಶೆ ನಡೆದಾಗ, ಚಿಕಿತ್ಸೆ ಪೂರ್ಣಗೊಳಿಸುತ್ತಿದ್ದವರು ಅರ್ಧಕ್ಕಿಂತಲೂ ಕಡಿಮೆ ಎಂಬುದು ಬಯಲಾಯಿತು. ಬೆಂಗಳೂರಿನ ವಿನ್ಯಾಸ ರೋಗಿಯನ್ನು ಹುಡುಕುವ ದಾರಿಯನ್ನು ಸರಿಯಾಗಿ ಗುರುತಿಸಿತ್ತು. ಕೊನೆಯ ಮಾತ್ರೆಯವರೆಗೆ ರೋಗಿಯ ಕೈ ಹಿಡಿದು ನಡೆಸುವ ಭಾಗಕ್ಕೆ ಸರ್ಕಾರಗಳು ಹಣವನ್ನೂ ಸಿಬ್ಬಂದಿಯನ್ನೂ ಒದಗಿಸಲಿಲ್ಲ.

ಈ ಪಾಠದ ಛಾಯೆಯನ್ನು ಮಾಹ್ಲರ್ ಅವರ ಮುಂದಿನ ಕೆಲಸಗಳಲ್ಲಿ ಕಾಣಬಹುದು. ಅವರ ಅವಧಿಯಲ್ಲಿ, 1977ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮೊದಲ ಅಗತ್ಯ ಔಷಧಗಳ ಪಟ್ಟಿ ಹೊರತಂದಿತು. 1978ರ ಸೆಪ್ಟೆಂಬರ್‌ನಲ್ಲಿ ಆಲ್ಮಾ ಆಟಾ ಸಮ್ಮೇಳನ ಪ್ರಾಥಮಿಕ ಆರೋಗ್ಯ ಸೇವೆಯೇ ಎಲ್ಲರ ಆರೋಗ್ಯಕ್ಕೆ ಬುನಾದಿಯೆಂದು ಘೋಷಿಸಿತು. ರೋಗಕ್ಕೊಂದು ಪ್ರತ್ಯೇಕ ಇಲಾಖೆ ಕಟ್ಟುವುದಕ್ಕಿಂತ ಜನರಿಗೆ ಹತ್ತಿರದ ಆರೋಗ್ಯ ಕೇಂದ್ರವನ್ನು ಬಲಪಡಿಸಬೇಕೆಂಬ ಈ ನಿಲುವು ತುಮಕೂರಿನ ಅನುಭವಕ್ಕೆ ಬಹಳ ದೂರದ್ದಲ್ಲ. ಮಾಹ್ಲರ್ 2016ರ ಡಿಸೆಂಬರ್‌ನಲ್ಲಿ ಜಿನೀವಾದಲ್ಲಿ ನಿಧನರಾದರು.

ಗಡಿ ತಾಲ್ಲೂಕಿನ ಪರೀಕ್ಷೆ

ಚಿಕಿತ್ಸೆಯ ಸಾಧನಗಳು ಇಂದು ಬಹಳ ಸುಧಾರಿಸಿವೆ. ರಿಫಾಂಪಿಸಿನ್ ಬಂದ ಮೇಲೆ ಚಿಕಿತ್ಸೆಯ ಅವಧಿ ಆರು ತಿಂಗಳಿಗೆ ಇಳಿಯಿತು. ಪರಿಷ್ಕೃತ ಕಾರ್ಯಕ್ರಮ 1997ರಿಂದ ದೇಶವ್ಯಾಪಿಯಾಗಿ ಹರಡಿತು. 2017ರಿಂದ ಪ್ರತಿದಿನದ ಮಾತ್ರೆಯ ಕ್ರಮ ಜಾರಿಗೆ ಬಂದಿತು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನಾಟ್ ಎಂಬ ಪುಟ್ಟ ಯಂತ್ರ ಬ್ಯಾಟರಿಯಿಂದ ನಡೆಯುತ್ತದೆ. ಕಫದಲ್ಲಿ ಕ್ಷಯದ ರೋಗಾಣುವನ್ನೂ ರಿಫಾಂಪಿಸಿನ್ ನಿರೋಧಕತೆಯನ್ನೂ ಕೆಲವೇ ತಾಸುಗಳಲ್ಲಿ ಪತ್ತೆಹಚ್ಚುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಮನ್ನಣೆ ನೀಡಿತು. ಬಹು ಔಷಧ ನಿರೋಧಕ ಕ್ಷಯಕ್ಕೂ ಬೆಡಾಕ್ವಿಲಿನ್ ಒಳಗೊಂಡ ಆರು ತಿಂಗಳ ಮಾತ್ರೆಗಳ ಕ್ರಮಕ್ಕೆ 2024ರಲ್ಲಿ ಭಾರತದಲ್ಲಿ ಅನುಮೋದನೆ ದೊರೆಯಿತು. ರೋಗಿಯ ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ನೀಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗೆ ಏರಿಸಲಾಯಿತು.

ಇಷ್ಟಾದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲೇ ಇದ್ದಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕ್ಷಯದ ಲಕ್ಷಣಗಳಿದ್ದವರ ಪೈಕಿ ಸುಮಾರು ಶೇ 64 ಮಂದಿ ಚಿಕಿತ್ಸೆಗೆ ಹೋಗಿರಲಿಲ್ಲ. ತುಮಕೂರಿನಲ್ಲಿ ಮಾತನಾಡಿಸಿದ್ದು ಖಚಿತ ರೋಗಿಗಳನ್ನು, ಇಲ್ಲಿ ಲೆಕ್ಕಕ್ಕೆ ಬಂದದ್ದು ಲಕ್ಷಣವಿದ್ದ ಎಲ್ಲರು. ಆದ್ದರಿಂದ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೆ ವ್ಯವಸ್ಥೆ ಮತ್ತು ರೋಗಿಯ ನಡುವಿನ ಕಂದರ ಮುಚ್ಚಿಲ್ಲವೆಂಬುದು ಸ್ಪಷ್ಟ.

ಆಳಂದದಂಥ ತಾಲ್ಲೂಕಿನಲ್ಲಿ ಈ ಕಂದರಕ್ಕೆ ಎರಡು ಮುಖಗಳಿವೆ. ಮೊದಲನೆಯದು ವಲಸೆ. ಮಹಾರಾಷ್ಟ್ರಕ್ಕೆ ಅಂಟಿಕೊಂಡ ಈ ತೊಗರಿ ಸೀಮೆಯಲ್ಲಿ ಸುಗ್ಗಿ ಮುಗಿದರೆ, ಮಳೆ ಕೈಕೊಟ್ಟರೆ, ದುಡಿಯುವ ಕುಟುಂಬಗಳು ಸೊಲ್ಲಾಪುರ, ಪುಣೆ, ಮುಂಬೈ ಕಡೆಗೆ ಹೊರಡುತ್ತವೆ. ಆರು ತಿಂಗಳ ಚಿಕಿತ್ಸೆಯ ನಡುವೆ ಊರು ಬಿಟ್ಟವರ ಔಷಧ ನಿಲ್ಲುವ ಅಪಾಯ ದೊಡ್ಡದು. ನಿಕ್ಷಯ್ ಎಂಬ ಗಣಕ ವ್ಯವಸ್ಥೆಯಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆಯಿದೆ. ಹೊರಡುವ ಮುನ್ನ ದವಾಖಾನೆಗೆ ತಿಳಿಸಿದರೆ ಅದೇ ಸಂಖ್ಯೆಯ ಮೇಲೆ ಬೇರೆ ರಾಜ್ಯದಲ್ಲೂ ಉಚಿತ ಮಾತ್ರೆ ಮುಂದುವರಿಸಬಹುದು. ಇದನ್ನು ಮೊದಲ ದಿನವೇ ರೋಗಿಗೆ ತಿಳಿಹೇಳುವುದು ಸಿಬ್ಬಂದಿಯ ಕೆಲಸ.

ಎರಡನೆಯದು ಅಂದಿನ ಕೆಮ್ಮಿನ ಬಾಟಲಿಯ ಹೊಸ ಅವತಾರ. ಇಂದು ಕೆಮ್ಮು ಎಂದೊಡನೆ ಔಷಧದ ಅಂಗಡಿಯಲ್ಲೋ ಅರೆಕಲಿತ ಚಿಕಿತ್ಸಕರಲ್ಲೋ ಐದು ದಿನದ ಪ್ರತಿಜೀವಕ ಸಿಗುತ್ತದೆ. ಅದರಲ್ಲೂ ಲಿವೊಫ್ಲಾಕ್ಸಸಿನ್ ಗುಂಪಿನ ಮಾತ್ರೆಗಳು ಕ್ಷಯದ ರೋಗಾಣುವನ್ನು ಅರ್ಧಂಬರ್ಧ ಹತ್ತಿಕ್ಕುತ್ತವೆ. ಕೆಮ್ಮು ಕೆಲ ದಿನ ತಗ್ಗುತ್ತದೆ, ರೋಗಪತ್ತೆ ವಾರಗಟ್ಟಲೆ ತಡವಾಗುತ್ತದೆ, ಅಷ್ಟರಲ್ಲಿ ಮನೆಮಂದಿಗೆ ಸೋಂಕು ತಗಲಿರುತ್ತದೆ. ನಿರೋಧಕ ಕ್ಷಯಕ್ಕೆ ಮುಂದೆ ಬೇಕಾಗುವ ಅದೇ ಔಷಧ ಆ ವೇಳೆಗೆ ಮೊಂಡಾಗಿರಲೂ ಬಹುದು. ಕ್ಷಯದ ಔಷಧಗಳೂ ಸೇರಿದಂತೆ ಹಲವು ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪ್ರತ್ಯೇಕ ದಾಖಲೆಯಲ್ಲಿ ಬರೆಯಬೇಕೆಂಬ ಎಚ್1 ಅನುಸೂಚಿಯ ನಿಯಮ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಅದರ ಪಾಲನೆಯ ಹೊಣೆ ಔಷಧ ನಿಯಂತ್ರಣ ಇಲಾಖೆ, ಅಂಗಡಿಕಾರ, ಕೊಳ್ಳುವವರು ಮೂವರದೂ ಹೌದು.

ಹೊಸ ಪ್ರತಿಜೀವಕವೊಂದನ್ನು ಪ್ರಯೋಗಾಲಯದಿಂದ ರೋಗಿಯವರೆಗೆ ತರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಅದನ್ನು ಕೆಡಿಸಲು ಕೆಲವು ತಿಂಗಳು ಸಾಕೆಂಬುದನ್ನು 1948ರ ಸ್ಟ್ರೆಪ್ಟೊಮೈಸಿನ್ ತೋರಿಸಿಕೊಟ್ಟಿದೆ. ಕೆಮ್ಮು ಎರಡು ವಾರ ದಾಟಿದರೆ ಮೊದಲು ಕಫ ಪರೀಕ್ಷೆ, ಆಮೇಲೆ ಔಷಧ. ಆರಂಭಿಸಿದ ಔಷಧ ಕೊನೆಯ ಮಾತ್ರೆಯವರೆಗೆ. ಈ ಕ್ರಮ ತಪ್ಪದಂತೆ ನೋಡಿಕೊಳ್ಳುವ ಆರೋಗ್ಯ ಸಿಬ್ಬಂದಿ ಪ್ರತಿ ತಾಲ್ಲೂಕಿನಲ್ಲೂ ಇರುವಂತೆ ಮಾಡುವುದು ಸರ್ಕಾರದ ಪಾಲಿನ ಕೆಲಸ.